ರ್‍ಯಾಮ್ ಕೇಳುವ ಬಾಯಿ ಕನ್ನಡ ಕೇಳದೇಕೆ?

ಕನ್ನಡದ ಯುವಕ ಯುವತಿಯರೇ,

ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೊರಟಿದ್ದೀರಿ. ಊರಿನಲ್ಲಿ ಅಪ್ಪ ಅಡಿಕೆ ಮಾರಿ ಕಳಿಸಿದ ದುಡ್ಡೋ, ನಿಮ್ಮದೇ ಮೊದಲ ಸಂಬಳದ ಉಳಿತಾಯವೋ, ಅಂತೂ ಬೆವರಿನ ಹಣ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ನಿಂತು ಕೇಳುತ್ತೀರಿ: ರ್‍ಯಾಮ್ ಎಷ್ಟು? ಎಸ್‌ಎಸ್‌ಡಿ ಎಷ್ಟು? ಕೇಳಿ, ಕೇಳಲೇಬೇಕು. ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿರುತ್ತದೆ: 'ವಿಂಡೋಸ್ 11 ಹೋಮ್ ಸಿಂಗಲ್ ಲ್ಯಾಂಗ್ವೇಜ್'. ಅದನ್ನು ಓದಿದವರು ನಿಮ್ಮಲ್ಲಿ ಎಷ್ಟು ಮಂದಿ?

ಸಿಂಗಲ್ ಲ್ಯಾಂಗ್ವೇಜ್ ಎಂದರೆ ಒಂದೇ ಭಾಷೆ. ಯಾವ ಭಾಷೆ ಎಂದು ಬಿಡಿಸಿ ಹೇಳಬೇಕೆ? ಮೆನು, ಸೂಚನೆ, ಎಚ್ಚರಿಕೆ ಎಲ್ಲವೂ ಅದರಲ್ಲೇ. ಬದಲಿಸಲು ಹೋದರೆ ಪರವಾನಗಿ ಒಂದೇ ಭಾಷೆಗೆ ಎಂದು ತಡೆಯಬಹುದು. ಕನ್ನಡದಲ್ಲಿ ಟೈಪ್ ಮಾಡಲು ಇದು ಅಡ್ಡಿಯಲ್ಲ, ನಿಜ. ಆದರೆ ಇದೇ ವಿಂಡೋಸ್‌ಗೆ ಕನ್ನಡದ ಪರದೆಯೂ ಇದೆ, ಸಾಮಾನ್ಯ ಹೋಮ್ ಆವೃತ್ತಿಗೆ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು! ನಮ್ಮ ನೆಲದಲ್ಲಿ, ನಮ್ಮ ದುಡ್ಡಿಗೆ, ನಮ್ಮ ಭಾಷೆಗೆ ಬೀಗ ಹಾಕಿದ ಪೆಟ್ಟಿಗೆ ಕೊಡುವುದೆಂದರೇನು?

ತಾಳಗುಂದ ನೋಡಿದ್ದೀರಾ? ಶಿಕಾರಿಪುರ ತಾಲ್ಲೂಕು, ಶಿರಾಳಕೊಪ್ಪದ ಹತ್ತಿರದ ಊರು. ಅಲ್ಲಿನ ಪ್ರಣವೇಶ್ವರ ದೇವಾಲಯದ ಬಳಿ ಪುರಾತತ್ತ್ವ ಇಲಾಖೆಯವರು 2013–14ರಲ್ಲಿ ಅಗೆದಾಗ ಸಿಂಹ ಕಟಾಂಜನದ ಶಾಸನ ಸಿಕ್ಕಿತು. ಅದು ಕ್ರಿ.ಶ. 370ರದು, ಹಲ್ಮಿಡಿಗಿಂತಲೂ ಹಳೆಯದು ಎಂಬುದು ಇಲಾಖೆಯ ಲೆಕ್ಕ. ಅದರಲ್ಲಿ ಸಂಸ್ಕೃತದ ಜೊತೆಗೇ ಕನ್ನಡವೂ ಇದೆ. ಉಳಿ ಹಿಡಿದ ಕೈ ಅಂದೇ ಒಂದು ಕಲ್ಲಿನ ಮೇಲೆ ಎರಡು ಭಾಷೆಗೆ ಜಾಗ ಮಾಡಿತು. 512 ಜಿಬಿಯ ಯಂತ್ರದಲ್ಲಿ ಜಾಗವಿಲ್ಲವೇ?

ಜಾಗದ ಮಾತು ಬಂದಾಗ ಲೆಕ್ಕವನ್ನೂ ಕೇಳಿ. ಯೂನಿಕೋಡ್‌ನಲ್ಲಿ ಉಳಿಸುವಾಗ ಕನ್ನಡದ ಒಂದೊಂದು ಸಂಕೇತಕ್ಕೆ ಸಾಮಾನ್ಯವಾಗಿ 3 ಬೈಟು ಬೇಕು. ಹತ್ತು ಲಕ್ಷ ಸಂಕೇತಗಳ ದಪ್ಪ ಕಾದಂಬರಿ ಸುಮಾರು 3 ಎಂಬಿ. ಅಂಥ ನೂರು ಕಾದಂಬರಿ ತುಂಬಿದರೂ 300 ಎಂಬಿ. ಮೊಬೈಲಿನ ನಾಲ್ಕಾರು ವಿಡಿಯೋಗಳಷ್ಟೂ ಆಗಲಿಕ್ಕಿಲ್ಲ. ಕನ್ನಡ ಹಾಕಿದರೆ ಯಂತ್ರ ನಿಧಾನವಾಗುತ್ತದೆ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ಅವರ ಮುಂದಿಡಿ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ಬರೆಯಲು, ಓದಲು, ಅಂತರ್ಜಾಲ ನೋಡಲು 8 ಜಿಬಿ ಸಾಕು. ಪ್ರೋಗ್ರಾಮಿಂಗ್, ವಿಡಿಯೋ ಎಡಿಟಿಂಗ್ ಇದ್ದರೆ 16. ತೆಳ್ಳನೆಯ ಯಂತ್ರಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ; ಮೊದಲೇ ಕೇಳಿಕೊಳ್ಳಿ. ಎಸ್‌ಎಸ್‌ಡಿಯನ್ನು ಬಹಳಷ್ಟು ಯಂತ್ರಗಳಲ್ಲಿ ಮುಂದೆ ಬದಲಿಸಬಹುದು. ಕೈ ಬಿಗಿ ಇದ್ದರೆ ರ್‍ಯಾಮಿಗೆ ಮೊದಲು ಕೊಡಿ. ವಿಂಡೋಸ್ ಇಲ್ಲದ ಮಾದರಿ ಸಿಕ್ಕರೆ ಬೆಲೆಯೂ ಕಡಿಮೆ. ಅದಕ್ಕೆ ಲಿನಕ್ಸ್ ಹಾಕಿಕೊಳ್ಳಿ. ನಮ್ಮ ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸ ಅದರೊಳಗೇ ಇದೆ, ಯಾರಿಗೂ ಕಾಸು ಕೊಡಬೇಕಿಲ್ಲ.

ಇನ್ನು ಕೀಲಿಗಳ ಮೇಲಿನ ಅಕ್ಷರ. ಥಾಯ್ಲೆಂಡಿನಲ್ಲಿ ಮಾರುವ ಲ್ಯಾಪ್‌ಟಾಪಿನ ಮೇಲೆ ಥಾಯ್ ಅಕ್ಷರ ಅಚ್ಚಾಗಿರುತ್ತದೆ. ಒಂದು ಕೋಟಿ ಜನರಿರುವ ಗ್ರೀಸಿನಲ್ಲಿ ಗ್ರೀಕ್ ಅಕ್ಷರ. 2011ರ ಜನಗಣತಿಯಲ್ಲಿ ಕನ್ನಡ ನನ್ನ ತಾಯ್ನುಡಿ ಎಂದವರು 4 ಕೋಟಿ 37 ಲಕ್ಷ! ಆದರೂ ಅಂಗಡಿಯಲ್ಲಿ ಕನ್ನಡದ ಕೀಲಿ ಕೇಳಿದರೆ ಹುಡುಗ ನಗುತ್ತಾನೆ. ನಗಲಿ. ಅವನ ಮುಂದೆ ಕೇಳುವವರ ಸಾಲು ನಿಂತರೆ ಆ ನಗು ಕಂಪನಿಗೆ ಹೋಗುವ ಬೇಡಿಕೆಯಾಗುತ್ತದೆ. ಅಲ್ಲಿಯವರೆಗೆ ಅಂಟಿಸುವ ಚೀಟಿ ಇದ್ದೇ ಇದೆ.

ತಂದ ಮೇಲೆ ಒಂದು ಎಚ್ಚರ. ಡಿಟಿಪಿ ಅಂಗಡಿಗಳ ಹಳೆಯ ಫಾಂಟುಗಳಲ್ಲಿ ಬರೆದು ಇಡಬೇಡಿ. ಆ ಫಾಂಟು ಇಲ್ಲದ ಯಂತ್ರದಲ್ಲಿ ನಿಮ್ಮ ಕಡತ ಪರಂಗಿ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಬಿ.ಎಲ್. ರೈಸ್ 1894ರಲ್ಲಿ ಕಂಡ ತಾಳಗುಂದದ ಕಂಬವನ್ನು ವಿದ್ವಾಂಸರು ಓದಿದರು. ಮಯೂರಶರ್ಮ ಕಂಚಿಗೆ ಓದಲು ಹೋಗಿ ಅವಮಾನ ಉಂಡ ಕಥೆ ನಮಗೆ ತಿಳಿದದ್ದು ಅದರಿಂದಲೇ. ಸಾವಿರದ ಐನೂರು ವರ್ಷದ ಕಲ್ಲು ಓದಲು ಸಿಗುತ್ತದೆ, ಇಪ್ಪತ್ತು ವರ್ಷದ ಹಿಂದೆ ಅಜ್ಜಿಯ ಹಾಡು ಟೈಪ್ ಮಾಡಿಟ್ಟ ಕಡತ ಸಿಗುವುದಿಲ್ಲ! ಯೂನಿಕೋಡಿನಲ್ಲೇ ಬರೆಯಿರಿ. ಎಸ್‌ಎಸ್‌ಡಿ ಕಲ್ಲಲ್ಲ, ಒಂದು ದಿನ ಹೇಳದೆ ಕೇಳದೆ ಸಾಯುತ್ತದೆ. ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಿ.

ಈ ವಾರ ಅಂಗಡಿಗೆ ಹೋಗುವವರು ಹಣ ಎಣಿಸುವ ಮೊದಲೇ ಕೇಳಿ: "ಇದರ ಪರದೆ ಕನ್ನಡಕ್ಕೆ ಬದಲಾಗುತ್ತದೆಯೇ? ಇಲ್ಲೇ ಮಾಡಿ ತೋರಿಸಿ." ಕನ್ನಡದಲ್ಲೇ ಕೇಳಿ.