ದಾಳಿಂಬೆಗೆ ಸುರಿದದ್ದು ಯಾರ ಔಷಧ?

ಬಾಗಲಕೋಟೆ ಜಿಲ್ಲೆಯ ದಾಳಿಂಬೆ ತೋಟಗಳನ್ನು ದುಂಡಾಣು ಅಂಗಮಾರಿ ರೋಗ ಹಾಳುಗೆಡವಿದಾಗ ರೈತರ ಕೈಗೆ ಬಂದದ್ದು ಸ್ಟ್ರೆಪ್ಟೊಸೈಕ್ಲಿನ್ ಪೊಟ್ಟಣ. ಅದರಲ್ಲಿರುವುದು 9 ಪಾಲು ಸ್ಟ್ರೆಪ್ಟೊಮೈಸಿನ್, 1 ಪಾಲು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರ ಔಷಧಗಳೇ. ಮೊದಲನೆಯದಂತೂ 1943ರಲ್ಲಿ ಪತ್ತೆಯಾಗಿ ಕ್ಷಯರೋಗಿಗಳ ಜೀವ ಉಳಿಸಿದ್ದು.

ಸಿಂಪಡಿಸಿದ ಪ್ರತಿಜೀವಕ ರೋಗಾಣುವನ್ನಷ್ಟೇ ತಾಕುವುದಿಲ್ಲ. ಎಲೆ, ಹಣ್ಣು, ಮಣ್ಣಿನ ಬ್ಯಾಕ್ಟೀರಿಯಗಳಲ್ಲಿ ದುರ್ಬಲವಾದವು ಸಾಯುತ್ತವೆ. ಔಷಧಕ್ಕೆ ಬಗ್ಗದವು ಉಳಿದು ಹೆಚ್ಚುತ್ತವೆ. ಆ ಗುಣವನ್ನು ನೆರೆಯ ಬ್ಯಾಕ್ಟೀರಿಯಗಳಿಗೂ ದಾಟಿಸಬಲ್ಲವು. ವಿದ್ಯಾಗಿರಿಯ ಅಂಗಡಿಯಲ್ಲಿ ಕೊಂಡ ಹಣ್ಣಿನೊಡನೆ, ಹಸಿ ಸೊಪ್ಪಿನೊಡನೆ ಇಂಥವು ಮನುಷ್ಯನ ಕರುಳನ್ನು ಸೇರಲು ದಾರಿ ತೆರೆದೇ ಇದೆ. ತೊಳೆದರೆ ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ.

2024ರ ಜನವರಿ 1ರಿಂದ ಈ ಮಿಶ್ರಣದ ಕೃಷಿ ಬಳಕೆ ಸಲ್ಲದೆಂದು ಕೇಂದ್ರ ಕೃಷಿ ಸಚಿವಾಲಯದ 2021ರ ಕರಡು ಆದೇಶ ಸಾರಿತು. ಆದರೆ ಕಾಗದದ ಆದೇಶ ತಾನಾಗಿ ತೋಟಕ್ಕೆ ನಡೆದುಬರುವುದಿಲ್ಲ. ಸಾಲ ಮಾಡಿ ಗಿಡ ನೆಟ್ಟವರನ್ನು ದೂರುವುದು ಸುಲಭ. ಈ ಪೊಟ್ಟಣವನ್ನು ವರ್ಷಗಟ್ಟಲೆ ಶಿಫಾರಸು ಮಾಡಿದ ಕೃಷಿ ವಿಜ್ಞಾನವೇ ಮೊದಲು ತಪ್ಪೊಪ್ಪಿಕೊಳ್ಳಬೇಕು.

ಬೇರೆ ದಾರಿಗಳಿವೆ: ರೋಗವಿಲ್ಲದ ಸಸಿ, ಮುಂಗಾರಿನ ಫಸಲಿನ ಬದಲು ಹಸ್ತ ಬಹಾರ್, ರೋಗದ ಟೊಂಗೆಗಳನ್ನು ಕತ್ತರಿಸಿ ಸುಡುವುದು, ಗಿಡಕ್ಕೆ ವಿಶ್ರಾಂತಿ, ಬೋರ್ಡೊ ದ್ರಾವಣ. ಇವಕ್ಕೆ ಬೇಕಾದ ದುಡಿಮೆಗೂ ನಷ್ಟಕ್ಕೂ ಸರ್ಕಾರ ಹೆಗಲು ಕೊಡಲಿ. ಹಳ್ಳಿಯವರೂ ವಿದ್ಯಾರ್ಥಿಗಳೂ ಔಷಧದಂಗಡಿಯ ಮುಂದೆ ನಿಂತು ಪ್ರಶ್ನಿಸಲಿ. ಮಗುವಿನ ಜೀವ ಉಳಿಸಬೇಕಾದ ಔಷಧವನ್ನು ಹಣ್ಣಿನ ಮೇಲಿನ ಚುಕ್ಕೆಗೆ ಸುರಿದು ಮುಗಿಸುವ ಹಕ್ಕು ಯಾರಿಗೂ ಇಲ್ಲ.