ಡಿಪ್ಲೊಮಾದಿಂದ ಎಂಜಿನಿಯರಿಂಗ್‌ಗೆ: ತಡವಾಗಿ ಬರುವ ಮಕ್ಕಳಿಗೆ ನಿಲಯದಲ್ಲಿ ಸ್ಥಳವೆಲ್ಲಿ?

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ವಾರದಲ್ಲಿ ಶ್ರೀಮಠದ ಕಾರ್ಯಾಲಯಕ್ಕೆ ಬರುವ ತಂದೆ-ತಾಯಿಯರ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಮಗನನ್ನು ಪಿಯುಸಿ ವಿಜ್ಞಾನಕ್ಕೆ ಸೇರಿಸಬೇಕೋ, ಪಾಲಿಟೆಕ್ನಿಕ್ಕಿಗೆ ಸೇರಿಸಬೇಕೋ?" ಉತ್ತರ ಹೇಳುವ ಮೊದಲೇ ಅವರು ಮುಂದುವರಿಸುತ್ತಾರೆ: "ಡಿಪ್ಲೊಮಾಕ್ಕೆ ಹೋದರೆ ಎಂಜಿನಿಯರ್ ಆಗೋದಕ್ಕೆ ಬರೋದಿಲ್ಲವಂತಲ್ಲ ಸಾರ್?" ಈ 'ಅಂತೆ'ಯ ಮೇಲೆಯೇ ಎಷ್ಟೋ ಮಕ್ಕಳ ಮುಂದಿನ ಓದು ನಿರ್ಧಾರವಾಗುತ್ತಿರುವುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆನಿಸಿತು.

ಸಂಗತಿ ಹೀಗಿದೆ. ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ, ಎಂದರೆ ಮೂರನೆಯ ಸೆಮಿಸ್ಟರಿಗೆ, ನೇರವಾಗಿ ಸೇರಬಹುದು. ಲ್ಯಾಟರಲ್ ಎಂಟ್ರಿ ಎಂದು ಕರೆಯುವುದು ಇದನ್ನೇ. ಪಿಯುಸಿ ಎರಡು ವರ್ಷ, ಪದವಿ ನಾಲ್ಕು ವರ್ಷ. ಇಲ್ಲಿ ಡಿಪ್ಲೊಮಾ ಮೂರು, ಪದವಿ ಮೂರು. ಎರಡು ದಾರಿಗೂ ಹಿಡಿಯುವುದು ಆರೇ ವರ್ಷ. ಕೊನೆಯಲ್ಲಿ ದೊರೆಯುವ ಪದವಿಯೂ ಒಂದೇ.

ಖರ್ಚು ಮಾತ್ರ ಒಂದೇ ಅಲ್ಲ. ಪಿಯುಸಿಯ ಅಂಕಕ್ಕೂ ಸಿಇಟಿಯ ಅಂಕಕ್ಕೂ ಸಮಪಾಲು ಕೊಟ್ಟು ರ‍್ಯಾಂಕ್ ನೀಡುವ ಪದ್ಧತಿಯಲ್ಲಿ, ಎರಡು ವರ್ಷದ ಕೋಚಿಂಗ್ ಸಹಿತ ಪಿಯುಸಿಗೆ ಲಕ್ಷಗಟ್ಟಲೆ ಹಣ ಸುರಿಯುವ ಒಕ್ಕಲು ಕುಟುಂಬಗಳನ್ನು ನಾವು ಕಂಡಿದ್ದೇವೆ. ಸರಕಾರಿ ಪಾಲಿಟೆಕ್ನಿಕ್‌ನ ಶುಲ್ಕ ಅದಕ್ಕೆ ಹೋಲಿಸಿದರೆ ಏನೂ ಅಲ್ಲ. ತಾಲ್ಲೂಕು ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿಬಂದು ಓದಬಹುದು. ಹದಿನೈದರ ಹೆಣ್ಣುಮಗಳನ್ನು ದೂರದ ನಗರಕ್ಕೆ ಕಳುಹಿಸಲು ಹಿಂಜರಿಯುವ ಮನೆಯವರು ಹದಿನೆಂಟರ ಮಗಳು ಕೈಯಲ್ಲಿ ಡಿಪ್ಲೊಮಾ ಹಿಡಿದು ಕೇಳಿದಾಗ ಒಪ್ಪಿದ್ದನ್ನೂ ಕಂಡಿದ್ದೇನೆ. ಪದವಿಯ ಸೀಟು ದೊರೆಯದಿದ್ದರೂ ಕೈ ಬರಿದಾಗುವುದಿಲ್ಲ. ವಿದ್ಯುತ್ ನಿಗಮ, ಲೋಕೋಪಯೋಗಿ ಇಲಾಖೆಗಳ ಕಿರಿಯ ಎಂಜಿನಿಯರ್ ಹುದ್ದೆಗೆ ಡಿಪ್ಲೊಮಾವೇ ಅರ್ಹತೆ.

ಹಾಗೆಂದು ಈ ದಾರಿ ಸುಗಮವೆಂದು ಹೇಳಿ ಯಾರನ್ನೂ ದಾರಿ ತಪ್ಪಿಸಲಾರೆ. ಎ.ಐ.ಸಿ.ಟಿ.ಇ. ನಿಯಮದಂತೆ ಲ್ಯಾಟರಲ್ ಎಂಟ್ರಿಗೆ ಮೀಸಲಾಗಿರುವುದು ಮಂಜೂರಾದ ಪ್ರವೇಶದ ಶೇ. 10ರಷ್ಟು ಹೆಚ್ಚುವರಿ ಸೀಟು ಮತ್ತು ಮೊದಲ ವರ್ಷದಲ್ಲಿ ತುಂಬದೆ ಉಳಿದ ಸೀಟು. ಅರವತ್ತು ಸೀಟಿನ ಶಾಖೆಯಲ್ಲಿ ಆರು! ಹೆಸರಾದ ಕಾಲೇಜುಗಳ ಕಂಪ್ಯೂಟರ್ ಸೈನ್ಸ್‌ನಲ್ಲಿ ಸೀಟು ಉಳಿಯುವುದೇ ಅಪರೂಪ. ಸಿವಿಲ್, ಮೆಕ್ಯಾನಿಕಲ್‌ಗಳಲ್ಲಿ ಉಳಿಯುತ್ತವೆ. ಎಲ್ಲರೂ ಒಂದೇ ಶಾಖೆಯ ಹಿಂದೆ ಬಿದ್ದರೆ ನಿರಾಶೆ ಖಚಿತ. ಡಿಪ್ಲೊಮಾ ಸೇರುವ ದಿನವೇ ಇದನ್ನು ಯೋಚಿಸಬೇಕು.

ಇದಕ್ಕಿಂತ ದೊಡ್ಡ ತೊಡಕು ಗಣಿತ. ಸಹಪಾಠಿಗಳು ಮೊದಲ ವರ್ಷದಲ್ಲಿಯೇ ಕಲನಶಾಸ್ತ್ರ, ಅವಕಲ ಸಮೀಕರಣಗಳನ್ನು ಓದಿ ಬಂದಿರುತ್ತಾರೆ. ಡಿಪ್ಲೊಮಾದ ಮಗು ಅದಾವುದನ್ನೂ ಆ ಆಳದಲ್ಲಿ ಕಾಣದೆ ಮೂರನೆಯ ಸೆಮಿಸ್ಟರಿನ ಲಾಪ್ಲಾಸ್, ಫೂರಿಯೆಗಳ ಮುಂದೆ ಕುಳಿತುಕೊಳ್ಳಬೇಕಾಗುತ್ತದೆ. ಈ ಕೊರತೆಯನ್ನು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಬಲ್ಲದು. ಅದರ 2018ರ ಪಠ್ಯಕ್ರಮದಲ್ಲಿ ಇಂತಹ ವಿದ್ಯಾರ್ಥಿಗಳಿಗೆಂದೇ ಮೂರು ಮತ್ತು ನಾಲ್ಕನೆಯ ಸೆಮಿಸ್ಟರುಗಳಲ್ಲಿ ಹೆಚ್ಚುವರಿ ಗಣಿತದ ಪತ್ರಿಕೆಗಳಿದ್ದವು. ನೆರವಿಗೆಂದು ಇಟ್ಟ ಪತ್ರಿಕೆಯೇ ಹೊರೆಯಾದದ್ದೂ ಉಂಟು. ಬೇರೆಲ್ಲ ವಿಷಯದಲ್ಲಿ ಉತ್ತೀರ್ಣನಾಗಿ ಗಣಿತವೊಂದನ್ನೇ ಮತ್ತೆ ಮತ್ತೆ ಬರೆಯುವ ಹುಡುಗರು ನಮ್ಮ ನಿಲಯದಲ್ಲಿಯೂ ಇದ್ದರು. ಅವರು ದಡ್ಡರಲ್ಲ. ಕಾರ್ಯಾಗಾರದಲ್ಲಿ ಯಂತ್ರವನ್ನು ಕೈಯಲ್ಲಿ ಹಿಡಿದು ಕಲಿತವರು. ಪ್ರಯೋಗಶಾಲೆಯಲ್ಲಿ ಉಳಿದವರು ಇವರನ್ನೇ ಕೇಳಿ ಕಲಿಯುತ್ತಾರೆ.

ಇನ್ನು ನಮ್ಮದೇ ತಪ್ಪಿನ ಮಾತು. ತುಮಕೂರಿನಲ್ಲಿ ಸಿದ್ಧಗಂಗಾ, ಮೈಸೂರಿನಲ್ಲಿ ಸುತ್ತೂರು ಮಠ, ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಎಂಜಿನಿಯರಿಂಗ್ ಕಾಲೇಜು ತೆರೆದದ್ದು ಒಂದೇ ವರ್ಷ, 1963ರಲ್ಲಿ. ಹಳ್ಳಿಯ ಮಕ್ಕಳಿಗೆ ತಾಂತ್ರಿಕ ಶಿಕ್ಷಣ ದೊರೆಯಲೆಂದು ಹಿರಿಯರು ಅಷ್ಟು ಮಾಡಿದರು. ನಾವು ಅರ್ಜಿಯ ಕೊನೆಯ ದಿನಾಂಕವನ್ನು ಸರಿಯಾಗಿ ಇಡಲಿಲ್ಲ! ನಮ್ಮ ಉಚಿತ ಪ್ರಸಾದ ನಿಲಯದ ಸ್ಥಳಗಳು ಪಿಯುಸಿ ಮತ್ತು ಮೊದಲ ವರ್ಷದ ಪದವಿ ಮಕ್ಕಳಿಂದಲೇ ತುಂಬಿಹೋಗುತ್ತವೆ. ಡಿಸಿಇಟಿಯ ಸೀಟು ಹಂಚಿಕೆ ಮುಗಿದು ಹುಡುಗ ಪೆಟ್ಟಿಗೆ ಹಿಡಿದು ಬರುವ ಹೊತ್ತಿಗೆ ಕೋಣೆ ಖಾಲಿ ಇರುವುದಿಲ್ಲ. ಕಡಿಮೆ ಖರ್ಚಿನ ದಾರಿ ಹಿಡಿದು ಬಂದ ಬಡವನೇ ನಗರದಲ್ಲಿ ಬಾಡಿಗೆ ಕೋಣೆ ಹುಡುಕಬೇಕಾದ ವಿಪರ್ಯಾಸವಿದು. ಹಲವು ವರ್ಷ ಈ ಅರ್ಜಿಗಳನ್ನು ನಾನೇ ತಿರಸ್ಕರಿಸಿ ಸಹಿ ಮಾಡಿದ್ದೇನೆ. ನಿಯಮ ಹಾಗಿತ್ತು ಎಂಬುದು ಈಗ ಸಮಾಧಾನ ಕೊಡುತ್ತಿಲ್ಲ.

ನಿಲಯದ ಹತ್ತರಲ್ಲಿ ಒಂದು ಸ್ಥಳವನ್ನು ಡಿಸಿಇಟಿ ಪ್ರವೇಶ ಮುಗಿಯುವವರೆಗೆ ಖಾಲಿ ಇಡಬೇಕೆಂಬ ಪ್ರಸ್ತಾವವನ್ನು ಆಡಳಿತ ಮಂಡಳಿಯ ಮುಂದೆ ಇಡಲಿದ್ದೇನೆ. ಆ ಸ್ಥಳ ಬೇಕೆಂದು ಮೊದಲ ವರ್ಷದ ಮಕ್ಕಳ ಪಾಲಕರು ಒತ್ತಾಯಿಸುವುದು ನಿಶ್ಚಯ; ಭಕ್ತರು ದಯವಿಟ್ಟು ಶಿಫಾರಸು ಪತ್ರ ತರದಿರಲಿ. ಮಾನ್ಯತೆ ಪಡೆದ ಇತರ ನಿಲಯಗಳ ವ್ಯವಸ್ಥಾಪಕರೂ ಇದನ್ನು ಪರಿಶೀಲಿಸಬಹುದು.

ಪಾಲಕರು ಈಗಲೇ ಮಾಡಬೇಕಾದದ್ದು: ಜಾತಿ, ಆದಾಯ ಪ್ರಮಾಣಪತ್ರಗಳನ್ನೂ, ಕಲ್ಯಾಣ ಕರ್ನಾಟಕದವರಾದರೆ 371ಜೆ ಪ್ರಮಾಣಪತ್ರವನ್ನೂ ಸಿದ್ಧಪಡಿಸಿಕೊಳ್ಳುವುದು. ಕೊನೆಯ ವಾರದಲ್ಲಿ ತಹಶೀಲ್ದಾರ ಕಚೇರಿಯ ಮುಂದೆ ಸಾಲು ನಿಲ್ಲುವ ಪ್ರಮೇಯ ಬೇಡ. ಡಿಪ್ಲೊಮಾದ ಕೊನೆಯ ಪರೀಕ್ಷೆಗೂ ಕಾಲೇಜಿನ ಆರಂಭಕ್ಕೂ ನಡುವೆ ದೊರೆಯುವ ವಾರಗಳಲ್ಲಿ ಸಂಜೆ ಒಂದೂವರೆ ಗಂಟೆ ಗಣಿತ ಹೇಳಿಕೊಡಬಲ್ಲ ನಿವೃತ್ತ ಉಪನ್ಯಾಸಕರು ನಮ್ಮ ಭಕ್ತರಲ್ಲಿಯೇ ಇದ್ದಾರೆ. ಅವರು ಕಾರ್ಯಾಲಯಕ್ಕೆ ಹೆಸರು ತಿಳಿಸಬೇಕೆಂದು ಕೋರುತ್ತೇನೆ. ಕೋಣೆ, ಕಪ್ಪುಹಲಗೆ, ಮಕ್ಕಳಿಗೆ ಪ್ರಸಾದದ ವ್ಯವಸ್ಥೆ ಶ್ರೀಮಠದ್ದು.