ಒಂದು ಫೋಟೋ ನೋಡಿ ಹೆಸರಿಡಬೇಡಿ

ಹೋದ ಮಾರ್ಚ್ ತಿಂಗಳಲ್ಲಿ ಮಗಳ ಬಾಣಂತನಕ್ಕೆಂದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿದ್ದೆ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕಿಟಕಿಯ ಬಳಿ ಕೂತರೆ ಎದುರಿನ ಮರದಲ್ಲಿ ಗುಬ್ಬಿಯಷ್ಟೇ ಗಾತ್ರದ ಹಕ್ಕಿಯೊಂದು ಕಾಣುತ್ತಿತ್ತು. ಮಾಸಲು ಹಸಿರು ಬೆನ್ನು, ಬೂದು ಎದೆ, ರೆಕ್ಕೆಯಲ್ಲಿ ಬಿಳಿ ಪಟ್ಟಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟೆ.

ಅಳಿಯನ ಸ್ನೇಹಿತನಿಗೆ ಹಕ್ಕಿಗಳ ಹುಚ್ಚು. ಫೋಟೋ ನೋಡಿದವನೇ "ಚಿಕ್ಕ ಕೊಕ್ಕಿನ ಎಲೇನಿಯಾ. ಇಲ್ಲಿ ಇರೋದೇ ಅದು ಆಂಟಿ, ಬರೆದುಬಿಡೋಣ" ಎಂದ.

ನನ್ನ ತಕರಾರು ಇರುವುದೇ ಈ 'ಬರೆದುಬಿಡೋಣ'ದ ಮೇಲೆ. ಅಮೆರಿಕ ಖಂಡಗಳ ಈ ನೊಣಹಿಡುಕಗಳು ನಮ್ಮ ನೊಣಹಿಡುಕಗಳ ನೆಂಟರಲ್ಲ. ಅವುಗಳದೇ ಬೇರೆ ಕುಟುಂಬ, ಅದರಲ್ಲಿ 400ಕ್ಕೂ ಹೆಚ್ಚು ಜಾತಿಗಳು. ಚಿಕ್ಕ ಕೊಕ್ಕಿನದು ಬೇಸಿಗೆಯಲ್ಲಿ ಆ ಊರಿನ ಕಡೆಯೇ ಮರಿ ಮಾಡುತ್ತದೆ, ನಿಜ. ಆದರೆ ಅದರಂತೆಯೇ ಕಾಣುವ ಬಿಳಿ ಜುಟ್ಟಿನ ಎಲೇನಿಯಾ ದಕ್ಷಿಣದ ಪೆಟಗೋನಿಯಾದಲ್ಲಿ ಮರಿ ಮಾಡಿ, ಬೇಸಿಗೆ ಮುಗಿಯುವಾಗ ಉತ್ತರಕ್ಕೆ ಹೋಗುತ್ತ ಇದೇ ದಾರಿ ಹಿಡಿಯುತ್ತದೆ. ಮೊದಲನೆಯದಕ್ಕೆ ಸಾಮಾನ್ಯವಾಗಿ ರೆಕ್ಕೆಯಲ್ಲಿ ಮೂರು ಪಟ್ಟಿ, ಎರಡನೆಯದಕ್ಕೆ ಎರಡು, ನೆತ್ತಿಯಲ್ಲಿ ಹೆಚ್ಚು ಬಿಳುಪು. ಆದರೆ ಗರಿ ಸವೆದರೆ ಪಟ್ಟಿ ಅಳಿಸುತ್ತದೆ. ಜುಟ್ಟು ಮಡಚಿದರೆ ಬಿಳುಪು ಅಡಗುತ್ತದೆ. ಮೋಡ ಮುಸುಕಿದರೆ ಹಸಿರೇ ಬೂದಿಯಾಗುತ್ತದೆ. ಒಂದು ಫೋಟೋ ಇದರಲ್ಲಿ ಯಾವುದನ್ನು ಹೇಳೀತು?

ಬೆಳಕಿನ ಮೋಸ ನನಗೆ ಹೊಸದಲ್ಲ. ಸ್ಟುಡಿಯೋ ದೀಪದಡಿ ತೆಗೆಸಿದ ನನ್ನ ಫೋಟೋ ನಂಬಿ "ಹುಡುಗಿ ಬೆಳ್ಳಗಿದ್ದಾಳೆ" ಎಂದು ಬಂದವರು, ಅಂಗಳದ ಬಿಸಿಲಲ್ಲಿ ನನ್ನನ್ನು ಕಂಡು ಮುಖ ಸಿಂಡರಿಸಿ, ಉಪ್ಪಿಟ್ಟು ತಿಂದು ಹೋದರು. ಸುಳ್ಳು ಹೇಳಿದ್ದು ದೀಪ. ಮಾತು ಕೇಳಿದ್ದು ನಾನು.

ಹಾಗಾದರೆ ಹಕ್ಕಿಯನ್ನು ಗುರುತಿಸುವುದೇ ಬೇಡವೇ? ಬೇಕು, ಆದರೆ ತಾಳ್ಮೆ ಬೇಕು. ನೆತ್ತಿ, ರೆಕ್ಕೆ, ಕೊಕ್ಕು ಎಲ್ಲವೂ ಕಾಣುವಂತೆ ನಾಲ್ಕಾರು ಫೋಟೋ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅದು ಕೂಗುವವರೆಗೆ ಕಾಯಬೇಕು. ಈ ಕುಟುಂಬದ ಹಕ್ಕಿಗಳು ಬಹುಮಟ್ಟಿಗೆ ಹಾಡನ್ನು ಕಲಿಯುವುದಿಲ್ಲ, ಹುಟ್ಟಿನಿಂದಲೇ ಪಡೆದು ಬರುತ್ತವೆ. ಹಾಗಾಗಿ ದನಿ ಬಣ್ಣಕ್ಕಿಂತ ನಂಬಿಕಸ್ಥ. ಅಲ್ಲಿಯ ಜನ ಎಲೇನಿಯಾಗಳನ್ನು ಕರೆಯುವುದೇ ಕೂಗಿನಿಂದ: 'ಫಿಯೋಫೀಯೋ'. ಉತ್ತರ ಅಮೆರಿಕದಲ್ಲಿ ಟ್ರೇಲ್ ನೊಣಹಿಡುಕವೆಂದು ಒಂದೇ ಹೆಸರಿನಲ್ಲಿದ್ದ ಹಕ್ಕಿಯನ್ನು, ಹಾಡು ಬೇರೆ ಬೇರೆಯೆಂದು ತಿಳಿದು, 1973ರಲ್ಲಿ ಎರಡು ಜಾತಿಗಳೆಂದು ಒಪ್ಪಿದರು. ಕಣ್ಣಿಗೆ ಒಂದಾಗಿದ್ದನ್ನು ಕಿವಿ ಎರಡು ಮಾಡಿತು.

"ಹೆಸರಿಲ್ಲದ ದಾಖಲೆ ಏನು ಪ್ರಯೋಜನ?" ಎಂದ ಆ ಹುಡುಗ. 'ಎಲೇನಿಯಾ, ಜಾತಿ ಖಚಿತವಿಲ್ಲ' ಎಂಬುದೂ ದಾಖಲೆಯೇ ಅಲ್ಲವೇ? ಊಹೆಯನ್ನೇ ಬರೆದಿಟ್ಟರೆ, ದಕ್ಷಿಣದ ಹಕ್ಕಿ ಯಾವ ವಾರ ಈ ಊರು ದಾಟುತ್ತದೆಂದು ಹುಡುಕುವವರು ಅದನ್ನು ನಂಬಿ ದಾರಿ ತಪ್ಪುತ್ತಾರೆ. ಗೊತ್ತಿಲ್ಲವೆನ್ನುವುದು ದಡ್ಡತನವಲ್ಲ; ಗೊತ್ತಿಲ್ಲದ್ದನ್ನು ಗೊತ್ತೆಂದು ಬರೆಯುವುದು ಅಪ್ರಾಮಾಣಿಕತೆ.

ಕೊನೆಗೆ ಅವನು ಜಾತಿಯ ಹೆಸರು ಹೊಡೆದುಹಾಕಿದ, ಮುಖ ಊದಿಸಿಕೊಂಡೇ. ಊದಿಸಿಕೊಳ್ಳಲಿ. ಮರುದಿನ ಬೆಳಿಗ್ಗೆ ಮಗು ಮಲಗಿದ ಮೇಲೆ ನಾನು ಕಿಟಕಿ ತೆರೆದು, ಕಿವಿಗೊಟ್ಟು ಕೂತೆ.